ಕುಂಬಳಕಾಯಿಗೆ ಮೊದಲ ಏಟು

ಎಳ್ಳ ಅಮಾವಾಸ್ಯೆಗೆ ಇನ್ನೂ ಒಂದು ವಾರ ಇರುವಾಗ ಕುರುಗೋಡಿನಿಂದ ಅತ್ತೆಯ ಫೋನು ಬಂತು. ನಾನು ಬಳ್ಳಾರಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಗಿಸಿಕೊಂಡು ಮಾತಾಡಿದೆ.

"ಈ ಸಲ ಹೊಲಕ್ಕ ಗಾರಿಗಿ ಸಣ್ಣಾಕಿ ಮಾಡ್ತಾಳ," ಅಂದರು. "ಆಕಿಗೆ ಏನೂ ಗೊತ್ತಿಲ್ಲ. ನೀ ಎರಡ ದಿನ ಮುಂಚೆ ಬಂದು ಕಲಿಸಿಕೊಡು. ಕುಂಬಳಕಾಯಿ ಮಾತ್ರ ನಿಮ್ಮಣ್ಣನ ಕಡಿಂದನ ತಗೊಂಡ ಬಾ."

ಹೂಂ ಅಂದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

ಸಣ್ಣಾಕಿ ಅಂದರೆ ನನ್ನ ಮೈದುನನ ಸೊಸೆ. ಹೋದ ಬೇಸಿಗೆಯಲ್ಲಿ ಮದುವೆಯಾಗಿ ಆ ಮನೆಗೆ ಬಂದವಳು. ಅವಳ ಅತ್ತೆ, ಅಂದರೆ ನನ್ನ ನೆಗೆಣ್ಣಿ, ಮಗಳ ಬಾಣಂತನಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದಳು. ಹಾಗಾಗಿ ಕಲಿಸುವುದಕ್ಕೆ ನನಗೆ ಕರೆ. ಕಲಿಸುವುದಕ್ಕೆ ನನಗೇನೂ ಬೇಸರವಿರಲಿಲ್ಲ. ಹೊಟ್ಟೆಗೆ ಖಾರ ಬಿದ್ದದ್ದು 'ಈ ಸಲ' ಅನ್ನುವ ಮಾತಿಗೆ. ಆ ಮನೆಯಲ್ಲಿ ಹೊಲ ಮೈದುನನ ಕೈಯಲ್ಲಿದೆ, ಅಡುಗೆಮನೆ ನೆಗೆಣ್ಣಿಯ ಕೈಯಲ್ಲಿದೆ, ಅತ್ತೆಯೂ ಅವರ ಹತ್ತಿರವೇ ಇದ್ದಾರೆ. ನಮ್ಮ ಯಜಮಾನರು ಜೀನ್ಸ್ ಹೊಲಿಗೆಯ ಕೆಲಸ ಹಿಡಿದು ಬಳ್ಳಾರಿಗೆ ಬಂದ ಮೇಲೆ ಅಲ್ಲಿ ನನ್ನದು ಅಂತ ಉಳಿದದ್ದು ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ, ಬೆಲ್ಲ ಹಾಕಿ ಕರಿದ ಕುಂಬಳಕಾಯಿ ಗಾರಿಗೆ ಒಂದೇ. ರೊಟ್ಟಿ ಯಾರಾದರೂ ಮಾಡಲಿ, ಕಾಳಿನ ಪಲ್ಯ ಯಾರಾದರೂ ಮಾಡಲಿ, ಗಾರಿಗೆ ದೊಡ್ಡ ಸೊಸೆಯದು. ಅದೂ ಹೋದರೆ ನಾನು ಆ ಮನೆಗೆ ಹಬ್ಬಕ್ಕೆ ಬಂದು ಉಂಡು ಹೋಗುವ ನೆಂಟರವಳು, ಅಷ್ಟೆ.

ನನ್ನ ತವರು ಹಚ್ಚೊಳ್ಳಿ. ಅಣ್ಣ ಕಾಲುವೆ ಬದಿಯ ಗದ್ದೆಯ ಬದುವಿನ ಮೇಲೆ ಪ್ರತಿ ವರ್ಷ ನಾಲ್ಕು ಕುಂಬಳದ ಬೀಜ ಊರುತ್ತಾನೆ. ಬಳ್ಳಿ ತನ್ನಷ್ಟಕ್ಕೆ ಹಬ್ಬಿ ಬಣವೆ ಹತ್ತುತ್ತದೆ. ಬಸ್ಸಿಳಿದು ಹೋದಾಗ ಅಣ್ಣ ಕಾಯಿಗಳನ್ನು ಹುಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದ.

"ನಿನಗ ಯಾವುದು ಬೇಕೋ ನೀನ ಆರಿಸ್ಕೋ. ನಾ ಆರಿಸಿದ್ರ ನಿನಗ ಸೇರಂಗಿಲ್ಲ," ಅಂದ.

ಸೇರುವುದಿಲ್ಲ ನಿಜ. ಕುಂಬಳಕಾಯಿ ಆರಿಸುವುದು ಬಣ್ಣ ನೋಡಿ ಅಲ್ಲ. ತೊಟ್ಟು ಒಣಗಿ ಕಟ್ಟಿಗೆಯ ಹಾಗೆ ಆಗಿರಬೇಕು. ತೊಟ್ಟೇ ಇಲ್ಲದ ಕಾಯಿ ಬೇಗ ಕೊಳೆಯುತ್ತದೆ. ಹೆಬ್ಬೆರಳಿನ ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯಬಾರದು. ಇಳಿದರೆ ಎಳಸು, ಪಲ್ಯಕ್ಕೆ ಆದೀತು, ಸಿಹಿಗೆ ಆಗದು. ಬೆರಳ ಗೆಣ್ಣಿನಿಂದ ಬಡಿದರೆ ಒಳಗೆ ಟೊಳ್ಳು ಇದ್ದ ಹಾಗೆ ಸದ್ದು ಬರಬೇಕು, ಆದರೆ ಎತ್ತಿದರೆ ಕಣ್ಣಿಗೆ ಕಂಡದ್ದಕ್ಕಿಂತ ಭಾರ ಅನ್ನಿಸಬೇಕು. ಮೂರು ಕಾಯಿ ಆರಿಸಿದೆ. ಒಂದನ್ನು ಬಳ್ಳಾರಿಯ ಮನೆಯಲ್ಲಿ ಹುಲ್ಲಿನ ಸಿಂಬೆಯ ಮೇಲೆ ತೊಟ್ಟು ಮೇಲಾಗಿ ಕೂರಿಸಿಟ್ಟು, ಎರಡನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಮನೆಯೊಳಗೆ ಕಾಲಿಟ್ಟಾಗ ಕಂಡದ್ದು ಇದು: ಹುಡುಗಿ ಒಲೆಯ ಮುಂದೆ ಚಹಾ ಕಾಯಿಸುತ್ತಿದ್ದಳು, ಅತ್ತೆ ಅವಳ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೆಳ್ಳುಳ್ಳಿ! ನಾನು ಸೊಸೆಯಾಗಿ ಬಂದ ಕಾಲಕ್ಕೆ ಇದೇ ಅತ್ತೆ ಹೊಸ್ತಿಲ ಮೇಲೆ ನಿಂತು "ಉಪ್ಪ ಎಷ್ಟ ಹಾಕಿದಿ? ಎಣ್ಣಿ ಯಾಕ ಅಷ್ಟ ಸುರಿದಿ?" ಅಂತ ಕೇಳುತ್ತಿದ್ದವರು. ಒಂದು ದಿನ ಒಂದು ಎಸಳು ಸುಲಿದುಕೊಟ್ಟವರಲ್ಲ.

"ಬರ್ರಿ ದೊಡ್ಡತ್ತಿ," ಅಂದಳು ಹುಡುಗಿ. ಚೀಲದೊಳಗೆ ಇಣುಕಿ ಕಣ್ಣರಳಿಸಿದಳು. "ಅಬ್ಬಾ, ಗುಮ್ಮಡಿಕಾಯಿ ಇಷ್ಟ ದೊಡ್ಡದು ಇರ್ತೈತೇನ್ರಿ?"

ಅವಳ ತವರು ಬಳ್ಳಾರಿ ಪೇಟೆಯೊಳಗೆ. ಮನೆಯಲ್ಲಿ ಅರ್ಧ ತೆಲುಗು. ಅಲ್ಲಿ ಕುಂಬಳಕಾಯಿ ಅಂದರೆ ತರಕಾರಿ ಬಂಡಿಯವನು ಹೋಳು ಮಾಡಿ, ತೂಗಿ ಕೊಡುವ ಹಳದಿ ತುಂಡು. ಇಡೀ ಕಾಯಿಯನ್ನು ಮನೆಯೊಳಗೆ ಅವಳು ನೋಡಿದ್ದೇ ಇಲ್ಲವಂತೆ.

ಮರುದಿನ ಬೆಳಿಗ್ಗೆ ಮೊದಲು ಪಲ್ಯ ಕಲಿಸೋಣ, ಗಾರಿಗೆ ಆಮೇಲೆ ಅಂದುಕೊಂಡೆ. ಪಲ್ಯದಲ್ಲಿ ಕೈ ಕುಳಿತರೆ ಕಾಯಿಯ ಗುಣ ತಿಳಿಯುತ್ತದೆ. "ಒಂದ ಕಾಯಿ ತೊಳದು, ಒಣಾ ಅರಿವಿಲೇ ಒರಸಿ ಇಡು. ಹಸಿ ಇದ್ರ ಕೈ ಜಾರತೈತಿ," ಅಂತ ಹೇಳಿ ನಾನು ಹಿತ್ತಲಿಗೆ ಬಟ್ಟೆ ಒಗೆಯಲು ಹೋದೆ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಹೇಳಬೇಕೆಂದು ತಲೆಗೇ ಬರಲಿಲ್ಲ. ಉಸಿರಾಡು ಅಂತ ಯಾರಾದರೂ ಹೇಳಿಕೊಡುತ್ತಾರೆಯೇ?

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲ ಏಟು ಹಾಕುವುದಿಲ್ಲ. ಅದು ಮನೆಯ ಹಿರೇಮಗನ ಸಮ ಅಂತ ಕೆಲವರು, ಬಲಿ ಕೊಟ್ಟ ಹಾಗೆ ಅಂತ ಕೆಲವರು. ಗಂಡಸು ಒಂದು ಏಟು ಹಾಕಿ ಬಾಯಿ ಬಿಡಿಸಿಕೊಟ್ಟರೆ ಮುಗಿಯಿತು, ಆಮೇಲಿನದೆಲ್ಲ ನಮ್ಮದೇ: ಬೀಜ ತೆಗೆಯುವುದು, ಹೋಳು ಮಾಡುವುದು, ಬೇಯಿಸುವುದು, ತಾಟು ತೊಳೆಯುವುದು. ನಾನು ಈ ಮನೆಗೆ ಬಂದ ಮೊದಲ ವರ್ಷ ತವರಿನಿಂದ ಬಂದ ಕಾಯಿಯನ್ನು ಅಡುಗೆಮನೆಯ ಮಧ್ಯೆ ಇಟ್ಟುಕೊಂಡು ಬೆಳಗಿನಿಂದ ಕಾದಿದ್ದೆ. ಗಂಡ, ಮೈದುನ ಹೊಲಕ್ಕೆ ಹೋಗಿದ್ದರು. ಮಾವ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕುಳಿತವರು ಊಟದ ಹೊತ್ತಿನವರೆಗೆ ಏಳಲಿಲ್ಲ. ಪಕ್ಕದ ಮನೆಯವರನ್ನು ಕರೆಯಲೇ ಅಂತ ಕೇಳಿದರೆ ಅತ್ತೆ, "ನಿಮ್ಮ ತವರಿನ ಕಾಯಿ ಊರಿಗೆಲ್ಲಾ ತೋರಸಬೇಕೇನು? ಕೂಡು," ಅಂದಿದ್ದರು. ಅಂದು ಕುಂಬಳಕಾಯಿ ಒಲೆ ಹತ್ತಿದ್ದು ಸಂಜೆಗೆ. ಪ್ರತಿ ವರ್ಷವೂ ಹಾಗೇ. ನನ್ನ ಅಣ್ಣನ ಕಾಯಿ ಬಂತೆಂದರೆ ಆ ಮನೆಯ ಗಂಡಸರಿಗೆಲ್ಲ ಅಂದೇ ಎಲ್ಲಿಲ್ಲದ ಕೆಲಸ.

ಬಳ್ಳಾರಿಗೆ ಬಂದ ಮೇಲೂ ಬಿಡಲಿಲ್ಲ. ಯಜಮಾನರು ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೇ ಬರುವುದು. ನಮ್ಮ ಮನೆ ಕೌಲ್ ಬಜಾರಿನ ಗಲ್ಲಿಯೊಂದರಲ್ಲಿ. ಎದುರು ಮನೆಯ ಆಟೋ ಓಡಿಸುವ ಅಣ್ಣನನ್ನೇ ಕರೆಯುತ್ತಿದ್ದೆ. ಅವನು ಆಟೋ ಬಂದ್ ಮಾಡದೆಯೇ ಒಳಗೆ ಬಂದು, "ಭಾಭೀ, ಮತ್ತ ಕದ್ದೂನಾ?" ಅಂತ ಕುಂಬಳಕಾಯಿಯನ್ನು ಅವರ ಮಾತಿನಲ್ಲಿ ಕರೆದು ನಕ್ಕು, ಬಿಸ್ಮಿಲ್ಲಾ ಅಂತ ಒಂದು ಏಟು ಹಾಕಿ ಹೋಗುತ್ತಿದ್ದ. ಸಂಜೆ ಅವನ ಮನೆಗೆ ಒಂದು ಹೋಳು ಹೋಗಬೇಕು. ಅದು ಅವನ ಪಾಲು.

ಇಷ್ಟು ಕಾಯ್ದು ಬಂದವಳು ನಾನು. ಬಟ್ಟೆ ಹಿಂಡಿ ಒಳಗೆ ಬಂದರೆ ಕಾಯಿ ಎರಡು ಹೋಳಾಗಿ ಅಂಗಾತ ಬಿದ್ದಿತ್ತು. ಹುಡುಗಿಯ ಕೈಯಲ್ಲಿ ದೊಡ್ಡ ಚಾಕು.

"ನೋಡ್ರಿ ದೊಡ್ಡತ್ತಿ, ಸರಿಯಾಗಿ ಎರಡ ಪಾಲು! ಮೊದಲ ಚಾಕು ಸಿಕ್ಕೊಂಡಬಿಡ್ತು, ಆಮ್ಯಾಲ ಲಟ್ಟಣಿಗೀಲೆ ಚಾಕೂನ ಬೆನ್ನಿಗೆ ಬಡದೆ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬಂತು, ಇನ್ನು ಬಂತು ಅಂದುಕೊಂಡೆ. ಸತ್ಯ ಹೇಳುತ್ತೇನೆ, ಬರಲಿ ಅಂತಲೇ ಕಾದೆ. ಆ ಹುಡುಗಿ ಬೈಸಿಕೊಳ್ಳುವುದನ್ನು ನೋಡಬೇಕೆಂದು ನನ್ನ ಕಿವಿ ನಿಮಿರಿತ್ತು.

ಅತ್ತೆ ಹೋಳುಗಳನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಯಾರೂ ಗಂಡಸರು ಇರಲಿಲ್ಲೇನ ಮನ್ಯಾಗ?"

"ಗಂಡಸರು ಯಾಕ್ರಿ ಅಜ್ಜಿ? ಬಲ ಬೇಕಂತನಾ? ಅಷ್ಟೇನ ಬಿರಸ ಇರಲಿಲ್ರಿ."

ಅತ್ತೆಯ ಮುಖ ಒಂದು ಗಳಿಗೆ ಗಟ್ಟಿಯಾಯಿತು. ಆಮೇಲೆ ನಗು ಬಂದುಬಿಟ್ಟಿತು, ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದರು. "ಹೋಳಾದ ಕಾಯಿ ಮತ್ತ ಕೂಡತೈತೇನು? ಮಾಡ್ರಿ, ಮಾಡ್ರಿ," ಅಂತ ಹೇಳಿ ಹೋಗಿ ಹೊರಗೆ ಬಿಸಿಲಿಗೆ ಕುಳಿತರು.

ನನಗೆ ಮೈಯೆಲ್ಲ ಉರಿಯಿತು. ಒಂದು ನಗುವಿನಲ್ಲಿ ಮುಗಿಯುವ ವಿಷಯಕ್ಕೆ ನಾನು ಎಷ್ಟು ಮಧ್ಯಾಹ್ನ ಕಾಯಿಯ ಮುಂದೆ ಕುಳಿತು ಕಳೆದಿದ್ದೆ!

ಆದರೂ ಕಲಿಸಿದೆ. ಬೀಜ ಬಿಸಾಡಲು ಹೊರಟವಳ ಕೈ ಹಿಡಿದೆ: ನಾರು ಬಿಡಿಸಿ, ತೊಳೆದು, ಬೂದಿ ಹಚ್ಚಿ ಒಣಗಿಸಿದರೆ ಬಿತ್ತಲಿಕ್ಕೂ ಆಯಿತು, ಹುರಿದು ತಿನ್ನಲಿಕ್ಕೂ ಆಯಿತು. ಪಲ್ಯಕ್ಕೆ ಸಿಪ್ಪೆ ಪೂರ್ತಿ ತೆಗೆಯಬೇಡ, ಮೇಲಿನ ಗಂಟು ಕೆರೆದರೆ ಸಾಕು. ಸಿಪ್ಪೆಯೇ ಹೋಳನ್ನು ಹಿಡಿದು ನಿಲ್ಲಿಸುತ್ತದೆ. ಹೋಳು ಹುಣಸೆಕಾಯಿಯ ಗೆಣ್ಣಿನಷ್ಟಿರಲಿ, ಎಲ್ಲ ಒಂದೇ ಅಳತೆಗೆ. ಎಣ್ಣೆ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಹೋಳು, ಉಪ್ಪು. ನೀರು ಹಾಕಬಾರದು. ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ನೀರು ಹಾಕು; ಆ ತಂಪಿಗೆ ಕಾಯಿಯ ನೀರು ಕಾಯಿಗೇ ಇಳಿಯುತ್ತದೆ. ಚಮಚೆಯಿಂದ ತಿರುವಿ ತಿರುವಿ ಮುದ್ದೆ ಮಾಡಬೇಡ, ಪಾತ್ರೆಯನ್ನೇ ಒಮ್ಮೆ ಕುಲುಕು. ಕೊನೆಗೆ ಚಿಟಿಕೆ ಬೆಲ್ಲ, ಒಂದು ಹಿಡಿ ಗುರೆಳ್ಳು ಪುಡಿ.

ಅವಳು ಹೇಳಿದಷ್ಟನ್ನೂ ಮಾಡಿದಳು. ಹೇಳಿದ್ದನ್ನು ಮರೆತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಮಧ್ಯಾಹ್ನ ಅತ್ತೆ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು, "ಚಲೋ ಆಗೇತಿ," ಅಂದರು. ಎರಡೇ ಎರಡು ಮಾತು. ಅಷ್ಟು ವರ್ಷ ನಾನು ಬಡಿಸಿದ ಪಲ್ಯಕ್ಕೆ ಸಿಕ್ಕದ್ದು "ಇರ್ಲಿ, ನಡೀತೈತಿ".

ಅಮಾವಾಸ್ಯೆಯ ಬೆಳಿಗ್ಗೆ ಗಾರಿಗೆ. ಎರಡನೆಯ ಕಾಯಿಗೆ ಮೈದುನನೇ ಏಟು ಹಾಕಿಕೊಟ್ಟ; ನಾನೇ ಹೋಗಿ ಕರೆದುಕೊಂಡು ಬಂದಿದ್ದೆ. ಇದಕ್ಕೆ ಮಾತ್ರ ಸಿಪ್ಪೆ ಪೂರ್ತಿ ಹೋಗಬೇಕು. ತುರಿದು, ಎರಡು ಚಮಚೆ ತುಪ್ಪದಲ್ಲಿ ಹಸಿವಾಸನೆ ಹೋಗುವ ತನಕ ಬಾಡಿಸಬೇಕು. ಹುಡುಗಿ ತುರಿಯನ್ನು ಪಾತ್ರೆಗೆ ಹಾಕಿ ಒಂದು ಲೋಟ ನೀರು ತುಂಬಿಕೊಂಡಳು.

"ಫೋನಿನ್ಯಾಗ ನೋಡಿದ್ನಿರಿ. ಅವರು ನೀರ ಹಾಕಿ ಬೇಯಿಸಿದ್ರು."

ನಾನು ಒಂದು ಮಾತೂ ಆಡಬೇಕಿರಲಿಲ್ಲ. ನೀರು ಬಿದ್ದರೆ ಹಿಟ್ಟು ಸಡಿಲ, ಸಡಿಲ ಹಿಟ್ಟಿಗೆ ಇನ್ನಷ್ಟು ಹಿಟ್ಟು, ಗಾರಿಗೆ ಎಣ್ಣೆ ಕುಡಿದು ಚಪ್ಪಲಿಯ ಹಾಗೆ ಆಗುತ್ತದೆ. ಹೊಲದಲ್ಲಿ ಎಲ್ಲರೂ ಒಂದೊಂದು ತುತ್ತು ಮುರಿದು ಸುಮ್ಮನಾಗುತ್ತಾರೆ. ಮುಂದಿನ ವರ್ಷ ಅತ್ತೆ ತಾವಾಗಿಯೇ ಫೋನು ಮಾಡಿ, "ನೀನ ಮಾಡವ್ವಾ," ಅನ್ನುತ್ತಾರೆ. ಇಷ್ಟೂ ಲೆಕ್ಕ ಲೋಟ ಬಾಗುವಷ್ಟರಲ್ಲಿ ತಲೆಯೊಳಗೆ ನಡೆದುಹೋಯಿತು. ಆದರೆ ಕೈಗೆ ಹೊಟ್ಟೆಕಿಚ್ಚು ಗೊತ್ತಿಲ್ಲ ಅಂತ ಕಾಣುತ್ತದೆ. ಅದು ತಾನಾಗಿಯೇ ಹೋಗಿ ಲೋಟ ಹಿಡಿಯಿತು.

"ಹನಿ ನೀರ ಬ್ಯಾಡ. ಇದರ ಹೊಟ್ಟ್ಯಾಗ ಬೇಕಾದಷ್ಟ ಐತಿ. ಬೆಲ್ಲ ಹಾಕಿದ ಮ್ಯಾಲ ನೋಡು, ತಾನ ಬಿಡತೈತಿ."

ಬಿಟ್ಟಿತು. ಅದು ಇಂಗಿ ಪಾತ್ರೆಯ ತಳ ಕಾಣುವ ತನಕ ಕೈಯಾಡಿಸಿ ಇಳಿಸಿದೆವು. ಬಿಸಿಯಲ್ಲಿ ಹಿಟ್ಟು ಹಾಕಿದರೆ ಅಳತೆ ತಪ್ಪುತ್ತದೆ, ಬೆರಳು ಇಡುವಷ್ಟು ಆರಬೇಕು. ಆರಿದ ಮೇಲೆ ಗೋಧಿ ಹಿಟ್ಟು, ಒಂದು ಮುಷ್ಟಿ ರವೆ, ಎಳ್ಳು, ಏಲಕ್ಕಿ. ಎಷ್ಟು ಹಿಟ್ಟು ಅಂತ ಅವಳು ಕೇಳಿದಳು. ಕಾಯಿ ಕೇಳಿದಷ್ಟು ಅಂದೆ. ಕೈಗೆ ಅಂಟುವುದು ಬಿಟ್ಟಿತೆಂದರೆ ಸಾಕು ಅಂತ ಅರ್ಥ. ಎಣ್ಣೆ ಸವರಿದ ಎಲೆಯ ಮೇಲೆ ತಟ್ಟಿ, ಉರಿ ನಡುವೆ ಇಟ್ಟು ಕರಿಯುವುದು; ಜೋರು ಉರಿಗೆ ಬೆಲ್ಲ ಕರಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಮೊದಲನೆಯದನ್ನು ಮುರಿದು ನೋಡಿದೆ. ಚೆನ್ನಾಗಿಯೇ ಇತ್ತು.

ಟ್ರ್ಯಾಕ್ಟರಿನಲ್ಲಿ ಬುಟ್ಟಿ ಇಟ್ಟುಕೊಂಡು ಹೊಲಕ್ಕೆ ಹೋದೆವು. ಮೈದುನ ಬೆಳೆಗೆ ಚರಗ ಚೆಲ್ಲಿ, ಅಂದರೆ ಹೊಲದ ಸುತ್ತ ಅನ್ನ ಎರಚಿ ಬಂದ ಮೇಲೆ ಬೇವಿನ ನೆರಳಿನಲ್ಲಿ ಊಟ. ಅವನು ಒಂದು ಗಾರಿಗೆ ತಿಂದು, ಇನ್ನೊಂದು ತಗೊಂಡು, ನನ್ನ ಮುಖ ನೋಡಿಯೇ ಅಂದ: "ಅತ್ತಿಗಿ, ಸಿಟ್ಟಾಗಬ್ಯಾಡ್ರಿ. ನಿಮ್ಮವು ಸ್ವಲ್ಪ ಗಟ್ಟಿ ಇರ್ತಿದ್ದುವು. ಇವು ಮೆತ್ತಗ ಅದಾವ."

"ನಿನಗ ಹಲ್ಲ ಹೋಗ್ಯಾವ, ಅದಕ್ಕ ಹಂಗ ಅನಸ್ತೈತಿ," ಅಂದೆ. ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗದೆ, "ಹಿಟ್ಟ ನಾದಿದ್ದು ದೊಡ್ಡತ್ತೀನ ರೀ," ಅಂದಳು. ಅವಳು ನನ್ನ ಪರವಾಗಿ ಮಾತಾಡಿದ್ದು ನನಗೆ ಸೇರಲೇ ಇಲ್ಲ. ನಾದಿದವಳು ಅವಳೇ.

ಊಟ ಮುಗಿದು ಉಳಿದವರು ಕಡಲೆಗಿಡ ಕೀಳಲು ಹೋದಾಗ ನಾನೂ ಅತ್ತೆಯೂ ಇಬ್ಬರೇ ಉಳಿದೆವು. ನಾನು ಬುಟ್ಟಿಯೊಳಗೆ ಪಾತ್ರೆ ಜೋಡಿಸುತ್ತಿದ್ದೆ. ಕೇಳಬಾರದು ಅಂದುಕೊಂಡದ್ದು ಬಾಯಿಗೆ ಬಂದೇಬಿಟ್ಟಿತು.

"ಅತ್ತೀ, ಆಕಿ ಕಾಯಿ ಕೊಯ್ದಳು, ನೀವು ನಕ್ಕ್ರಿ. ನನ್ನನ್ನ ಮಾತ್ರ ಯಾಕ ಅಷ್ಟ ವರ್ಷ ಕಾಯಿಸಿದ್ರಿ?"

ಅತ್ತೆ ಹೊಲದ ಕಡೆಗೇ ನೋಡುತ್ತಿದ್ದರು.

"ಪದ್ಧತಿ ಪದ್ಧತಿನ," ಅಂದರು. ಆಮೇಲೆ, "ಪಕ್ಕದ ಮನಿಯವನ್ನ ಕರದಿದ್ರ ಪದ್ಧತಿನೂ ಉಳೀತಿತ್ತು. ಕರ್ಯಾಕ ನಾನ ಬಿಡಲಿಲ್ಲ."

"ಯಾಕ?"

"ಯಾಕಂದ್ರ? ನಿಮ್ಮಣ್ಣ ವರ್ಷಾ ವರ್ಷಾ ಚೀಲ ಹೊತಗೊಂಡ ಬರ್ತಿದ್ದ. ಬಂಡಿಗಾಲಿಯಂಥ ಕಾಯಿ. ಓಣಿ ಮಂದಿಯೆಲ್ಲಾ ನಿಂತು ನೋಡೋದು. ನನ್ನ ತವರು ದೇಶನೂರಿನ್ಯಾಗ ಏನ ಕಡಿಮಿ ಇತ್ತು? ಕಾಲವಿ ನೀರು, ಭತ್ತದ ಗದ್ದಿ. ನಮ್ಮಣ್ಣ ನನ್ನ ಮದಿವಿ ಮಾಡಿ ಕೈ ತೊಳಕೊಂಡ. ಈ ಮನಿಗೆ ನನ್ನ ತವರಿಂದ ಒಂದ ಕಾಯಿ ಬರಲಿಲ್ಲವ್ವಾ. ನಿನ್ನ ಕಾಯಿ ಅಡಗಿಮನ್ಯಾಗ ಕುಂತರ ನನ್ನ ಹೊಟ್ಟ್ಯಾಗ ಕೆಂಡ ಕುಂತಂಗ ಆಗ್ತಿತ್ತು. ಸಂಜೀ ತನಕ ಕೂಡ್ಲಿ ಅಂತಿದ್ದೆ."

ಅಷ್ಟು ವರ್ಷ ಆ ಅಡುಗೆಮನೆಯಲ್ಲಿ ಕಾಯಿಯ ಮುಂದೆ ನಾನೊಬ್ಬಳೇ ಕುಳಿತಿದ್ದೇನೆ ಅಂದುಕೊಂಡಿದ್ದೆ.

"ಈಕಿದು ಬ್ಯಾರೆ," ಅಂದರು ಅತ್ತೆ, ಹುಡುಗಿ ಹೋದ ದಿಕ್ಕಿಗೆ ಗದ್ದ ಎತ್ತಿ. "ಈಕಿ ತವರಿಂದ ಏನ ಬರ್ತೈತಿ? ಬಂಡ್ಯಾಗಿಂದು ತೂಗಿಸಿದ ತುಂಡು. ಅದಕ್ಕ ನಕ್ಕೆ." ಆಮೇಲೆ ನನ್ನ ಕಡೆ ತಿರುಗಿ, "ಈ ವರ್ಷ ನಿಮ್ಮಣ್ಣ ಎಷ್ಟ ಕಾಯಿ ಕೊಟ್ಟ?"

"ಮೂರು."

"ತಂದದ್ದು ಎರಡು."

"ಇನ್ನೊಂದು ಬಳ್ಳಾರ್ಯಾಗ ಐತ್ರಿ."

"ನೋಡು, ಇನ್ನೂ ಕೊಡ್ತಾನ," ಅಂದರು. ಹಲ್ಲೆಲ್ಲ ಹೋದ, ಕೈ ನಡುಗುವ ಈ ವಯಸ್ಸಿನಲ್ಲೂ ಆ ದನಿಯಲ್ಲಿ ಕೆಂಡ ಆರಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಾಯಿತು. ಎರಡು ದಿನದಿಂದ ಅದೇ ದನಿ ನನ್ನ ಹೊಟ್ಟೆಯೊಳಗೂ ಮಾತಾಡುತ್ತಿತ್ತಲ್ಲ.

ಮುಂದಿನ ವರ್ಷ ಗಾರಿಗೆ ಯಾರದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ಹುಡುಗಿ ಡಬ್ಬಿಯಲ್ಲಿ ಗಾರಿಗೆ ಹಾಕಿಕೊಟ್ಟಳು. ಬಸ್ಸಿನಲ್ಲಿ ಒಂದು ತಿಂದೆ. ಮೆತ್ತಗಿತ್ತು. ಮೈದುನ ಹೇಳಿದ್ದು ಸುಳ್ಳಲ್ಲ.

ಮಾರನೆಯ ದಿನ ಬಳ್ಳಾರಿಯಲ್ಲಿ ಯಜಮಾನರು ಕೆಲಸಕ್ಕೆ ಹೋದ ಮೇಲೆ ಮೂರನೆಯ ಕಾಯಿಯನ್ನು ಸಿಂಬೆಯಿಂದ ಇಳಿಸಿದೆ. ತೊಳೆದೆ, ಒಣ ಬಟ್ಟೆಯಲ್ಲಿ ಒರೆಸಿದೆ. ಅಲುಗಾಡದಂತೆ ಕೆಳಗೆ ಮಡಿಚಿದ ಗೋಣಿ ಇಟ್ಟೆ. ಕಿಟಕಿಯಿಂದ ನೋಡಿದರೆ ಎದುರು ಮನೆಯ ಆಟೋ ಅಲ್ಲೇ ನಿಂತಿತ್ತು. ಒಂದು ಕೂಗು ಹಾಕಿದರೆ ಸಾಕಿತ್ತು. ಕೂಗಲಿಲ್ಲ. ತೊಟ್ಟಿನ ಪಕ್ಕದ ಗೆರೆಯಲ್ಲಿ ಚಾಕು ಇಟ್ಟು ಒತ್ತಿದೆ. ಸಿಕ್ಕಿಕೊಂಡಿತು. ಲಟ್ಟಣಿಗೆ ತಂದೆ. ಮೊದಲ ಏಟು ಮೆಲ್ಲಗೆ ಬಿತ್ತು, ಎರಡನೆಯದಕ್ಕೆ ಕಾಯಿ ಬಾಯಿ ಬಿಟ್ಟಿತು.

ಆಟೋ ಅಣ್ಣ ಬಾಗಿಲಿಗೆ ಬಂದ. "ಭಾಭೀ, ಠಕ್ ಠಕ್ ಅಂತ ಸದ್ದು ಬಂತು. ಕದ್ದೂ ಕೊಯ್ದ್ರೇನು? ಯಾರ ಬಂದಿದ್ರು?"

"ಯಾರೂ ಇಲ್ಲಣ್ಣ. ನಾನ ಕೊಯ್ದೆ."

ಅವನ ಮುಖ ಸಣ್ಣದಾಯಿತು. "ಹಂಗಾರ ನನ್ನ ಪಾಲು?"

"ಪಾಲು ಎಲ್ಲಿ ಹೋಗತೈತಿ? ಬರತೈತಿ, ನಡೀ."

ಅವನು ಹೋದ ಮೇಲೆ ಹೋಳುಗಳನ್ನು ಬಿಡಿಸಿ ನೋಡಿದೆ. ಒಂದು ದೊಡ್ಡದು, ಒಂದು ಸಣ್ಣದು; ಗೆರೆ ಬಿಟ್ಟು ಚಾಕು ಓರೆಯಾಗಿ ಇಳಿದಿತ್ತು. ಆ ಹುಡುಗಿಯದು ಮೊದಲನೇ ಸಲಕ್ಕೇ ಅಳೆದ ಹಾಗೆ ಎರಡು ಸಮಪಾಲು ಆಗಿತ್ತು. ಅದು ನೆನಪಾಗಿ ಮತ್ತೆ ಸಣ್ಣಗೆ ಉರಿಯಿತು. ಸಣ್ಣ ಹೋಳಿನಿಂದ ಒಂದು ಪಾಲು ಕೊಯ್ದು ಎದುರು ಮನೆಗೆ ಕಳಿಸಿ, ದೊಡ್ಡದನ್ನು ನನಗೇ ಇಟ್ಟುಕೊಂಡು ಬಾಣಲೆ ಒಲೆಯ ಮೇಲಿಟ್ಟೆ.